ಹುಟ್ಟಿದ ತಿಂಗಳು

ಸ್ಕಾಟ್ಲೆಂಡಿನ ಡಂಡಿಯಿಂದ ಚಳ್ಳಕೆರೆಗೆ ವಾಪಸಾಗಿ ನಾಲ್ಕು ತಿಂಗಳಾಯಿತು. ಅಲ್ಲಿ ತೆಗೆದ ಫೋಟೊಗಳನ್ನು ನೆಂಟರಿಷ್ಟರೆಲ್ಲ ನೋಡಿ ಮುಗಿಸಿದ್ದಾರೆ. ಟೇ ನದಿ, ಅದರ ಮೇಲೆ ಬಾಗಿ ಹೋಗುವ ಎರಡು ಮೈಲಿಗೂ ಉದ್ದದ ರೈಲು ಸೇತುವೆ, ರಾತ್ರಿ ಹತ್ತಾದರೂ ಆರದ ಜೂನ್ ತಿಂಗಳ ಬೆಳಕು, ಹಿತ್ತಲಲ್ಲಿ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡ ನಾನು. ಯಾರೂ ಫೋಟೊ ತೆಗೆಯದ ಮಧ್ಯಾಹ್ನವೊಂದಿದೆ. ಬೆಳಗಿನ ಜಾವ ಎಚ್ಚರವಾದಾಗಲೆಲ್ಲ ಅದೇ ಕಣ್ಣಿಗೆ ಕಟ್ಟುತ್ತದೆ: ಒಂದು ಕಪ್ಪು ತಟ್ಟೆ, ಅದರಲ್ಲಿ ಎರಡು ಬೆರಳು ನೀರು, ನೀರಿನಲ್ಲಿ ಕೂದಲಿಗಿಂತ ತೆಳ್ಳಗಿನ ಬಿಳಿ ಎಳೆಗಳು.

ನಾನು ಪಶುವೈದ್ಯ. 32 ವರ್ಷ ಚಿತ್ರದುರ್ಗ, ಬಳ್ಳಾರಿ ಸೀಮೆಯ ಕುರಿಹಟ್ಟಿಗಳಲ್ಲಿ ಅಲೆದವನು. ಜಂತುಹುಳು ನನಗೆ ಹೊಸದಲ್ಲ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಕೆಂಪು ಬಿಳಿ ಹೊಸೆದ ದಾರದಂತೆ ಇರುವ ಹುಳುವಿದೆ. ಒಂದೊಂದೂ ದಿನಕ್ಕೆ 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಸಾವಿರ ಹುಳು ಸೇರಿದರೆ ದಿನಕ್ಕೆ 50 ಮಿಲಿಲೀಟರ್ ಹೋಯಿತು. ಮರಿಯ ಕಣ್ಣಿನ ರೆಪ್ಪೆ ಮಗುಚಿದರೆ ಒಳಗೆ ಸುಣ್ಣದಷ್ಟು ಬಿಳಿ. ದವಡೆಯ ಕೆಳಗೆ ನೀರು ತುಂಬಿದ ಬಾವು. ಇದನ್ನು ಕಂಡರೆ ಏನು ಮಾಡಬೇಕೆಂದು ನನ್ನ ಕೈಗೆ ಗೊತ್ತಿತ್ತು. ನನಗಿಂತ ಹಿಂದಿನವರು ನೀಲಿತುತ್ತದ ನೀರನ್ನು ಗೊಟ್ಟದಲ್ಲಿ ಎತ್ತುತ್ತಿದ್ದರು, ನಾವು ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಕುಡಿಸಿದೆವು, ಆಮೇಲೆ ಐವರ್ಮೆಕ್ಟಿನ್ ಸೂಜಿ ಬಂತು. ಹುಳು ಕಂಡರೆ ಔಷಧಿ, ಕಾಣದಿದ್ದರೂ ಮಳೆಗಾಲಕ್ಕೆ ಮುಂಚೆ ಒಂದು ಸುತ್ತು, ಆಮೇಲೆ ಒಂದು ಸುತ್ತು. ನಿವೃತ್ತಿಯ ತನಕ ಹಾಗೇ ನಡೆಯಿತು.

ಮಗಳಿಗೆ ಡಂಡಿಯ ವಿಶ್ವವಿದ್ಯಾಲಯದಲ್ಲಿ ಕೆಲಸ. ನಾನು ಹೋಗಿಳಿದ ವಾರದಲ್ಲೇ ಊರು ತೋರಿಸಿದಳು. ಒಂದು ಹಳೆಯ ಸೆಣಬಿನ ಗಿರಣಿಯನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಬಂಗಾಳದ ಸೆಣಬು ಹಡಗಿನಲ್ಲಿ ಇಲ್ಲಿಗೆ ಬಂದು, ತಿಮಿಂಗಿಲದ ಎಣ್ಣೆಯಲ್ಲಿ ಮೆತ್ತಗಾಗಿ, ಗೋಣಿತಟ್ಟಾಗಿ ಲೋಕಕ್ಕೆಲ್ಲ ಹೋಗುತ್ತಿತ್ತಂತೆ. ನಮ್ಮಪ್ಪ ಶೇಂಗಾ ತುಂಬುತ್ತಿದ್ದ ಗೋಣಿಚೀಲದ ವಾಸನೆ ಆ ತಣ್ಣನೆಯ ಕಟ್ಟಡದಲ್ಲಿ ಮೂಗಿಗೆ ಬಡಿದಾಗ ಒಂದು ನಿಮಿಷ ಅಲ್ಲೇ ನಿಂತೆ.

ಆ ಶನಿವಾರ ಸಂಜೆ ಊರಿನ ಉತ್ತರಕ್ಕಿರುವ ಸಿಡ್ಲಾ ಗುಡ್ಡಗಳ ಬುಡಕ್ಕೆ ಹೋದೆವು. ಚಿತ್ರದುರ್ಗದ ಗುಡ್ಡಗಳಂತೆ ಬಂಡೆ ಮೇಲೆ ಬಂಡೆ ಒಟ್ಟಿದವಲ್ಲ. ದುಂಡಗೆ, ಮೆತ್ತಗೆ, ತಪ್ಪಲಿಂದ ನೆತ್ತಿವರೆಗೂ ಹಸಿರು. ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು ಹೊಲಗಳ ನಡುವೆ ಓಡುತ್ತವೆ. ಆ ಗೋಡೆಯೊಂದರ ಪಕ್ಕದಲ್ಲಿ ಹುಲ್ಲು ಯಾರೋ ಕತ್ತರಿ ಹಿಡಿದು ಕತ್ತರಿಸಿದಷ್ಟು ಗಿಡ್ಡವಾಗಿತ್ತು. ಕುರಿ ಮೇದಿರಬೇಕು ಅಂದುಕೊಂಡೆ. ಮಗಳು ಮೊಣಕೈ ತಿವಿದಳು. "ಅಪ್ಪಾ, ಅಲ್ಲಿ ನೋಡಿ." ಒಂದು, ಮೂರು, ಎಂಟು, ಆಮೇಲೆ ಎಣಿಕೆ ತಪ್ಪಿತು. ಮೊಲಗಳು.

ನಮ್ಮಲ್ಲಿ ಮೊಲ ಹೀಗೆ ಸಂತೆ ಸೇರುವುದಿಲ್ಲ. ಕಾವಲಿನ ಬಯಲಲ್ಲಿ ಒಂದು ಕಂಡರೆ ಇನ್ನೊಂದು ಎಷ್ಟೋ ದೂರದಲ್ಲಿ. ನಮ್ಮದು ಕಪ್ಪು ಕತ್ತಿನ ಮೊಲ. ಬಿಲ ತೋಡದು, ಹುಲ್ಲಿನ ಮರೆಯಲ್ಲಿ ಮೈ ಹುದುಗಿಸಿ ಮಲಗುತ್ತದೆ, ಅದರ ಮರಿ ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತೇ ಹುಟ್ಟುತ್ತದೆ. ಅಲ್ಲಿಯದು ಬೇರೆ ಜಾತಿ. ನೆಲದಡಿ ಬಿಲಗಳ ಕೇರಿ ಕಟ್ಟಿಕೊಂಡು ಬದುಕುವ ಅದರ ಮರಿ ಬೆತ್ತಲೆ, ಕುರುಡು. ಕನ್ನಡದಲ್ಲಿ ಎರಡಕ್ಕೂ ಮೊಲ ಎಂದೇ ಹೆಸರು. ಅಲ್ಲಿಯದನ್ನು ಬಿಲಮೊಲ ಎಂದು ಕರೆಯುತ್ತೇನೆ. ಅದು ಬ್ರಿಟನ್ನಿನ ಮೂಲನಿವಾಸಿಯೂ ಅಲ್ಲ. 12ನೇ ಶತಮಾನದ ಹೊತ್ತಿಗೆ ನಾರ್ಮನ್ನರು ಮಾಂಸಕ್ಕೆ, ತೊಗಲಿಗೆ ಎಂದು ತಂದು ಸಾಕಿದ್ದು.

ನನ್ನ ಕಣ್ಣು ಮೊಲಗಳಿಂದ ನೆಲಕ್ಕೆ ಇಳಿಯಿತು. ಗಿಡ್ಡ ಹುಲ್ಲಿನ ನಡುವೆ ಗುಪ್ಪೆ ಗುಪ್ಪೆ ಹಿಕ್ಕೆ. ಅಷ್ಟು ಸಂದಣಿ, ಅಷ್ಟು ಹಿಕ್ಕೆ, ಅದರ ಪಕ್ಕದ್ದೇ ಹುಲ್ಲು, ಮೇಲಿಂದ ಸದಾ ಒದ್ದೆ. ಹುಳುವಿನ ಮರಿ ಹುಲ್ಲಿನ ಎಸಳ ಮೇಲಿನ ನೀರಿನ ಪೊರೆ ಹಿಡಿದೇ ಮೇಲೇರಿ ಮೇಯುವ ಬಾಯಿಗೆ ಕಾಯುತ್ತದೆ. ನಮ್ಮ ಸೀಮೆಯಲ್ಲಿ ಬಿಸಿಲು ಅದನ್ನು ಒಣಗಿಸಿ ಕೊಲ್ಲುತ್ತದೆ. ಇಲ್ಲಿ ತಡೆಯುವುದಾದರೆ ಚಳಿ ಮಾತ್ರ. "ಇವುಗಳ ಹೊಟ್ಟೆ ತುಂಬ ಹುಳು ಇರಬೇಕು ತಾಯಿ" ಅಂದೆ.

ಮಗಳು ನಕ್ಕಳು. "ನಮ್ಮ ಪಕ್ಕದ ಮನೆಯವರನ್ನ ನೀವು ನೋಡ್ಲೇಬೇಕು."

ಪಕ್ಕದ ಮನೆಯಾಕೆ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ. ಎಪ್ಪತ್ತು ದಾಟಿದ ವಯಸ್ಸು, ಕೈಗಳಲ್ಲಿ ಒಂದಿಷ್ಟೂ ನಡುಕವಿಲ್ಲ. ಪರಿಚಯದ ರೈತನೊಬ್ಬ ಬೆಳೆ ಕಾಯಲು ಹೊಡೆದ ಬಿಲಮೊಲಗಳಲ್ಲಿ ತಿಂಗಳಿಗೆ ಎರಡನ್ನು ಅವರಿಗೆ ಕೊಡುತ್ತಾನೆ. ಮಾಂಸ ಅಡುಗೆಗೆ, ಕರುಳು ಅವರ ಶೆಡ್ಡಿಗೆ. ನಾನು ಪಶುವೈದ್ಯನೆಂದು ತಿಳಿದದ್ದೇ ತಡ, ಒಂದು ಏಪ್ರನ್ ತಂದು ನನ್ನ ಕುತ್ತಿಗೆಗೆ ಹಾಕಿದರು. ಅವರ ಸ್ಕಾಟ್ ಉಚ್ಚಾರ ನನಗೆ ಪೂರಾ ದಕ್ಕುತ್ತಿರಲಿಲ್ಲ. ಬಿಟ್ಟುಹೋದದ್ದನ್ನು ಮಗಳು ಕನ್ನಡದಲ್ಲಿ ಎತ್ತಿಕೊಡುತ್ತಿದ್ದಳು.

ಅವರು ಕರುಳನ್ನು ನೀರಿನ ಬೋಗುಣಿಯಲ್ಲಿ ಉದ್ದಕ್ಕೆ ಸೀಳಿ, ಎರಡು ಬೆರಳ ನಡುವೆ ಹಿಡಿದು ಎಳೆದಾಗ ನನ್ನ ಅವ್ವನ ನೆನಪಾಯಿತು. ಹಬ್ಬದ ಮರುದಿನ ಅವ್ವ ಬೋಟಿ ತೊಳೆಯುತ್ತಿದ್ದದ್ದು ಹೀಗೇ. ಕರುಳನ್ನು ಕಡ್ಡಿಗೆ ಸಿಕ್ಕಿಸಿ ಒಳಮೈ ಹೊರಗೆ ಮಗುಚಿ, ಬಿಸಿನೀರು, ಸುಣ್ಣ, ಮತ್ತೆ ಬಿಸಿನೀರು. ಅವಳ ಬೋಟಿ ಗೊಜ್ಜು, ಮುದ್ದೆಯ ಮುಂದೆ ನನಗೆ ಬೇರೆ ಯಾವ ಊಟವೂ ಬೇಡವಾಗಿತ್ತು. ಅವ್ವ ತೊಳೆದು ಚೆಲ್ಲುತ್ತಿದ್ದ ನೀರನ್ನೇ ಮೇಡಂ ಜರಡಿಗೆ ಸುರಿದು, ಉಳಿದದ್ದನ್ನು ಜೋಪಾನವಾಗಿ ಕಪ್ಪು ತಟ್ಟೆಗೆ ಹಾಕಿಕೊಂಡರು.

ಮೊದಲನೆಯದು ಮರಿ, ಕೆಲವೇ ತಿಂಗಳದ್ದು. ಮೈಕೈ ತುಂಬಿಕೊಂಡು, ತುಪ್ಪಳ ಮಿಂಚುತ್ತಿತ್ತು. ಕಾಯಿಲೆಯ ಒಂದು ಗುರುತೂ ನನಗೆ ಕಾಣಲಿಲ್ಲ. ಸಣ್ಣ ಕರುಳಿನ ನೀರನ್ನು ಹತ್ತು ಪಾಲು ಮಾಡಿ, ಒಂದು ಪಾಲನ್ನು ತಟ್ಟೆಯಲ್ಲಿ ಹರಡಿದರು. ಸೂಜಿಯ ತುದಿಯಲ್ಲಿ ಒಂದೊಂದೇ ಎಳೆಯನ್ನು ಬದಿಗೆ ಸರಿಸುತ್ತ ನಾನೂ ಎಣಿಸಿದೆ. 83. ಅಂದರೆ ಮರಿಯ ಕರುಳಲ್ಲಿ ಸುಮಾರು 830. ಟ್ರೈಕೊಸ್ಟ್ರಾಂಜಿಲಸ್ ರಿಟಾರ್ಟಿಫಾರ್ಮಿಸ್. ನಮ್ಮ ಕುರಿಗಳ ಕರುಳಲ್ಲಿರುವ ಟ್ರೈಕೊಸ್ಟ್ರಾಂಜಿಲಸ್‌ಗೆ ಖಾಸಾ ದಾಯಾದಿ. ಜಠರದಲ್ಲಿ ಬೇರೆ ಹುಳು, ಕೆಂಪಗೆ, ದಪ್ಪ, ಬರಿಗಣ್ಣಿಗೇ ಕಾಣುವಂಥದ್ದು: ಗ್ರಾಫಿಡಿಯಂ ಸ್ಟ್ರೈಗೋಸಮ್. ಅದು ಮರಿಯಲ್ಲಿ ಎರಡೇ ಎರಡು.

ಎರಡನೆಯದು ಮುದಿ ಗಂಡು. ಕಿವಿಯ ಅಂಚು ಹರಿದಿತ್ತು. ಅದರ ಜಠರದಲ್ಲಿ 41 ಕೆಂಪು ಹುಳು. ಸಣ್ಣ ಕರುಳಿನ ಪಾಲನ್ನು ಹರಡಿ ಹುಡುಕಿದೆ, ತಟ್ಟೆ ತಿರುಗಿಸಿ ಇನ್ನೊಮ್ಮೆ ಹುಡುಕಿದೆ. ಏನೂ ಇಲ್ಲ. ಆಯಿತೆಂದು ನೀರು ಚೆಲ್ಲಲು ಹೋದೆ. ಮೇಡಂ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿ, ತಾವು ಲೆಕ್ಕ ಬರೆಯುವ ನೋಟ್‌ಬುಕ್ಕಿನಲ್ಲಿ ಆ ಹುಳುವಿನ ಖಾನೆಯ ಮೇಲೆ ಬೆರಳಿಟ್ಟರು.

"ಸೊನ್ನೆ ಬರೀಬೇಕಂತೆ ಅಪ್ಪಾ" ಅಂದಳು ಮಗಳು. "ಖಾಲಿ ಬಿಟ್ರೆ ನೋಡ್ಲೇ ಇಲ್ಲ ಅಂತಾಗತ್ತಂತೆ."

ಅವರ ನೋಟ್‌ಬುಕ್ಕಿಗೆ ಸ್ಫೂರ್ತಿ ಕೊಟ್ಟ ಕೆಲಸ ಅದೇ ಸೀಮೆಯಲ್ಲಿ ನಡೆದದ್ದು. ಡಂಡಿಯ ಮಗ್ಗುಲಲ್ಲಿರುವ ಇನ್ವರ್‌ಗೌರಿಯ ಬೆಳೆ ಸಂಶೋಧನಾ ಸಂಸ್ಥೆಯಲ್ಲಿದ್ದ ಬ್ರಯನ್ ಬೋಗ್ ಎಂಬ ವಿಜ್ಞಾನಿ, ಪರ್ತ್‌ಶೈರಿನ ಒಂದೇ ಜಾಗದ ಬಿಲಮೊಲಗಳನ್ನು 1977ರಿಂದ ತಿಂಗಳು ತಿಂಗಳೂ ಪರೀಕ್ಷಿಸುತ್ತ ಹೋದರು. ಐದು ಬಗೆಯ ಹುಳು: ಜಠರದ್ದೊಂದು, ಸಣ್ಣ ಕರುಳಿನದೊಂದು, ಕುರುಡುಗರುಳಿನ ಬಿಳಿ ಸೂಜಿಹುಳು, ಎರಡು ಲಾಡಿಹುಳು. ಪ್ರತಿ ಮೊಲದಲ್ಲಿ ಪ್ರತಿಯೊಂದರ ಲೆಕ್ಕ. ವರ್ಷಗಟ್ಟಲೆ ಅದರಿಂದ ದೊಡ್ಡ ಸುದ್ದಿಯೇನೂ ಹೊರಬಿದ್ದಿರಲಾರದು. ಆಮೇಲೆ ಆ ಲೆಕ್ಕದ ಪುಸ್ತಕಗಳೇ ಮಾತಾಡತೊಡಗಿದವು. 23 ವರ್ಷದ ಅಂಕಿಗಳನ್ನು ಇಟ್ಟುಕೊಂಡು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಲೇಖನವೊಂದು, ಒಂದೇ ಹೊಟ್ಟೆಯ ಈ ಹುಳುಗಳು ಒಂದಕ್ಕೊಂದು ಕೆಲವೆಡೆ ಅಡ್ಡಗಾಲು ಹಾಕುತ್ತವೆ, ಕೆಲವೆಡೆ ಅನುಕೂಲ ಮಾಡಿಕೊಡುತ್ತವೆ ಎಂದು ತೋರಿಸಿತು. ಒಂದನ್ನು ಔಷಧಿ ಹಾಕಿ ತೆಗೆದರೆ ಇನ್ನೊಂದು ಏನಾಗುತ್ತದೆ? ವೃತ್ತಿಯುದ್ದಕ್ಕೂ ನಾನು ಕೇಳಿಕೊಳ್ಳದ ಪ್ರಶ್ನೆ.

ಮರಿಯಲ್ಲಿ 830, ಮುದಿಯದರಲ್ಲಿ 0 ಯಾಕೆ ಎಂಬುದಕ್ಕೂ ಅದೇ ಲೆಕ್ಕಗಳಲ್ಲಿ ಉತ್ತರವಿತ್ತು. ಇಸಬೆಲ್ಲಾ ಕಟ್ಟಡೋರಿ, ಪೀಟರ್ ಹಡ್ಸನ್ ಮೊದಲಾದವರು ಬೋಗ್ ಜೊತೆ ಸೇರಿ ಅದನ್ನು ಬಿಡಿಸಿದರು. ಸಣ್ಣ ಕರುಳಿನ ಹುಳು ಮರಿಯಲ್ಲಿ ಏರುತ್ತ ಹೋಗಿ, ವಯಸ್ಸಾದಂತೆ ಇಳಿಯುತ್ತದೆ. ಹುಲ್ಲಿನೊಂದಿಗೆ ಒಳಗೆ ಬಂದದ್ದನ್ನೆಲ್ಲ ಉಂಡು ಉಂಡು ಮೈ ಅದನ್ನು ಗುರುತಿಸಲು ಕಲಿಯುತ್ತದೆ, ಹೊರಗಟ್ಟುತ್ತದೆ. ಜಠರದ ಕೆಂಪು ಹುಳುವಿನ ಮೇಲೆ ಮೊಲದ ಮೈಗೆ ಅಂಥ ಹಿಡಿತ ಸಿಕ್ಕುವುದಿಲ್ಲ. ಅದು ವಯಸ್ಸಿನೊಂದಿಗೆ ಜಮೆಯಾಗುತ್ತಲೇ ಹೋಗುತ್ತದೆ. ಒಂದೇ ಪ್ರಾಣಿ, ಒಂದೇ ಹುಲ್ಲು, ನಡುವೆ ಒಂದು ಗೇಣು ಅಂತರ. 2016ರಲ್ಲಿ ಇದೇ ಅಂಕಿಗಳಿಂದ ಇನ್ನೊಂದು ಸಂಗತಿ ತೆಗೆದರು: ಹವೆ ಬಿಸಿಯಾದಂತೆ ಎರಡೂ ಹುಳುಗಳ ಮರಿಗಳು ಹುಲ್ಲಿನಲ್ಲಿ ಹೆಚ್ಚಿದವು, ಆದರೆ ವರ್ಷಗಳುದ್ದಕ್ಕೆ ಮೊಲದ ಹೊಟ್ಟೆಯಲ್ಲಿ ಹೆಚ್ಚುತ್ತ ಹೋದದ್ದು ಮೈ ಹಿಡಿತಕ್ಕೆ ಸಿಗದ ಆ ಜಠರದ ಹುಳು.

ಕಲಿತ ಮೈ ಕೂಡ ಬೇರೆ ಪೆಟ್ಟು ಬಿದ್ದರೆ ಮರೆಯುತ್ತದೆ. 1953ರಲ್ಲಿ ಬ್ರಿಟನ್ನಿಗೆ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ ಬಂತು. ಚಿಗಟದ ಮೂಲಕ ಹರಡಿ 100ಕ್ಕೆ 99ರಷ್ಟು ಬಿಲಮೊಲಗಳನ್ನು ಕೊಂದಿತು ಎನ್ನುತ್ತಾರೆ. ಉಳಿದವುಗಳ ಸಂತತಿಯಲ್ಲಿ ಅದು ಇನ್ನೂ ಇದೆ. ಆ ರೋಗ ತಗುಲಿದ ಮೊಲದಲ್ಲಿ ಸಣ್ಣ ಕರುಳಿನ ಹುಳು ವಯಸ್ಸಾದರೂ ಇಳಿಯುವುದಿಲ್ಲವಂತೆ. ನಮ್ಮ ಹಳ್ಳಿಗಳಲ್ಲಿ ನಾನು ಕಣ್ಣಾರೆ ಕಂಡದ್ದೂ ಇಂಥದ್ದೇ. ನೀಲಿನಾಲಿಗೆ ರೋಗ ಬಂದು ಹೋದ ಮಂದೆಯಲ್ಲಿ ಬದುಕುಳಿದ ಕುರಿಗಳು ಆಮೇಲೆ ಹುಳುವಿಗೆ ಬಲಿಯಾಗುತ್ತಿದ್ದವು. ಕಂಡಿದ್ದೆ, ಬರೆದಿಟ್ಟಿರಲಿಲ್ಲ.

ಮೇಡಂ ಅಂದೇ ಮೊಲದ ಮಾಂಸಕ್ಕೆ ಈರುಳ್ಳಿ, ಗಜ್ಜರಿ, ಬಾರ್ಲಿ ಹಾಕಿ ಒಲೆಯ ಮೇಲಿಟ್ಟಿದ್ದರು. ಖಾರವಿಲ್ಲ, ಉಪ್ಪೂ ಹಗುರ, ಆದರೆ ಮಾಂಸ ನಾರಿಲ್ಲದೆ ಮೆತ್ತಗೆ ಬೆಂದಿತ್ತು. ಚಿಕ್ಕಂದಿನಲ್ಲಿ ಯುಗಾದಿ ಬೇಟೆಗೆ ಹೋದ ಗಂಡಸರು ಕೋಲಿಗೆ ಕಟ್ಟಿ ತರುತ್ತಿದ್ದ ಮೊಲದ ಸಾರು ನಾಲಿಗೆಯ ಮೇಲೆ ಹಾಯ್ದು ಹೋಯಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತದ್ದು ಸರಿಯೇ. ನಮ್ಮ ಮೊಲಗಳು ಉಳಿಯಲಿ. ಊಟದ ಕೊನೆಗೆ ಒಂದು ಬೋಗುಣಿ ರಾಸ್ಪ್‌ಬೆರಿ ಬಂತು. ಆ ಸೀಮೆಯೇ ಅದಕ್ಕೆ ಹೆಸರಾದದ್ದು. ಹಣ್ಣು ಬಾಯಿಗಿಡುತ್ತ ಮೇಡಂ ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿ ಒಂದು ಖಾನೆ ತೋರಿಸಿದರು. ಮೊಲ ಹುಟ್ಟಿದ ತಿಂಗಳು, ತೂಕ ನೋಡಿ ಮಾಡಿದ ಅಂದಾಜು. ಅದು ಯಾಕೆ ಬೇಕು ಎಂದು ಕೇಳಿದೆ. ಹುಟ್ಟಿದ ತಿಂಗಳಿನ ಮೇಲೆ ಮರಿ ಎಷ್ಟು ಹುಳು ನುಂಗುತ್ತದೆ, ಮೈ ಎಷ್ಟು ಬೇಗ ಕಲಿಯುತ್ತದೆ ಎಂಬುದು ನಿಂತಿದೆ ಅಂದರು. ಪರ್ತ್‌ಶೈರಿನ ಮೊಲಗಳ ಮೇಲೆಯೇ 2008ರಲ್ಲಿ ಅದನ್ನು ಲೆಕ್ಕ ಹಾಕಿ ತೋರಿಸಿದ್ದಾರಂತೆ.

ಚಮಚ ಕೈಯಲ್ಲೇ ಉಳಿಯಿತು. ಈ ಮಾತನ್ನು ನಾನು ಮೊದಲೇ ಕೇಳಿದ್ದೆ.

ಕೇಳಿದ್ದು ಸುಮಾರು 30 ವರ್ಷದ ಹಿಂದೆ, ಹಟ್ಟಿಯೊಂದರ ರೊಪ್ಪದ ಬಾಗಿಲಲ್ಲಿ. ಸತ್ತ ಮರಿಯ ಹೊಟ್ಟೆ ಕೊಯ್ದು ಹುಳು ತೋರಿಸಿ, ಎಲ್ಲಕ್ಕೂ ಔಷಧಿ ಕುಡಿಸಬೇಕು ಎಂದು ಹೇಳುತ್ತಿದ್ದೆ. ಕುರಿಗಾಹಿ ಅಜ್ಜ ಕಂಬಳಿ ಹೊದ್ದು ಕೂತಿದ್ದ. "ಡಾಕ್ಟ್ರೇ, ಎಲ್ಲಕ್ಕೂ ಯಾಕೆ? ಮಘೆ ಮಳೆಗೆ ಹುಟ್ಟಿದ ಮರಿಗಳೇ ಹಿಂಗೆ ಸೊರಗೋದು. ಅವು ಹುಲ್ಲಿಗೆ ಬಾಯಿ ಹಾಕೋ ಹೊತ್ತಿಗೆ ಹಸ್ತ ಚಿತ್ತೆ ಹಿಡ್ಕಂಡಿರ್ತತೆ, ಹುಲ್ಲೆಲ್ಲ ತಂಡಿ. ಸ್ವಾತಿಗೆ ಹುಟ್ಟಿದವು ಒಣಹುಲ್ಲು ಮೇಯ್ತವೆ, ಅವು ಗಟ್ಟಿ." ನಮ್ಮ ಸೀಮೆಗೆ ಹೆಚ್ಚು ಸುರಿಯುವ ಮಳೆಯೇ ಸೆಪ್ಟೆಂಬರ್, ಅಕ್ಟೋಬರ್ ತಿಂಗಳದ್ದು. ಆಗಲಿ ಅಜ್ಜ ಎಂದು ತಲೆಯಾಡಿಸಿ ಎಲ್ಲ ಮರಿಗಳಿಗೂ ಕುಡಿಸಿದೆ. ರಿಜಿಸ್ಟರಿನಲ್ಲಿ ಬರೆದದ್ದು 'ಜಂತುಬಾಧೆ' ಎಂಬ ಒಂದೇ ಪದ. ಎಷ್ಟು ಹುಳು, ಯಾವ ವಯಸ್ಸಿನ ಮರಿ, ಯಾವ ಮಳೆಗೆ ಹುಟ್ಟಿದ್ದು, ಯಾವುದರಲ್ಲಿ ಹುಳು ಇರಲಿಲ್ಲ, ಒಂದೂ ಇಲ್ಲ. ನನ್ನ ಸೇವೆಯಲ್ಲಿ ಅಂಥ ಎಷ್ಟು ನೂರು ಹೊಟ್ಟೆ ಕೊಯ್ದಿರಬಹುದು! ಆ ರಿಜಿಸ್ಟರುಗಳು ರದ್ದಿಗೆ ಹೋದವು. ಉಳಿದಿದ್ದರೂ ಅವುಗಳಲ್ಲಿ ಹುಡುಕಲು ಏನೂ ಇರುತ್ತಿರಲಿಲ್ಲ ಎಂಬುದೇ ನನ್ನನ್ನು ಈಗ ಕೊರೆಯುವುದು.

ಎಲ್ಲಕ್ಕೂ ಔಷಧಿ ಕುಡಿಸಿದ್ದರ ಫಲವನ್ನು ನನ್ನ ಕಾಲದಲ್ಲೇ ಕಂಡೆ. ಮೊದಲು ಒಂದು ಗುಟುಕಿಗೆ ಉದುರುತ್ತಿದ್ದ ಹುಳು ಆಮೇಲೆ ಎರಡು ಗುಟುಕಿಗೂ ಬಗ್ಗಲಿಲ್ಲ. ಬದುಕುಳಿದ ಗಟ್ಟಿ ಹುಳುಗಳೇ ಸಂತಾನ ಬೆಳೆಸಿದವು. ಈಗ ಪಶುವೈದ್ಯರು ಬೇಕಾದ ಕುರಿಗೆ ಮಾತ್ರ ಕೊಡಿ, ಉಳಿದವನ್ನು ಬಿಡಿ ಎನ್ನುತ್ತಾರೆ. ಅಜ್ಜ ಅದನ್ನೇ ಅಂದಿದ್ದ. ಶಾಲೆಯ ಮಕ್ಕಳಿಗೆ ಫೆಬ್ರವರಿ 10ರಂದು ಕೊಡುವ ಮಾತ್ರೆಯ ವಿಚಾರ ಬೇರೆ. ಕೊಕ್ಕೆಹುಳು ಹತ್ತಿದ ಮಗು ರಕ್ತವಿಲ್ಲದೆ ತರಗತಿಯಲ್ಲಿ ತೂಕಡಿಸುವುದನ್ನು ಕಂಡವರು ಯಾರೂ ಆ ಮಾತ್ರೆ ಬೇಡವೆನ್ನಲಾರರು. ನಮ್ಮ ಕಾಲಕ್ಕೆ ಮುತ್ತುಗದ ಬೀಜ ಅರೆದು ಬೆಲ್ಲದಲ್ಲಿ ಉಂಡೆ ಕಟ್ಟಿ ಅವ್ವ ನುಂಗಿಸುತ್ತಿದ್ದಳು.

ಹೊರಡುವ ಹಿಂದಿನ ಸಂಜೆ ಒಬ್ಬನೇ ಆ ಕಲ್ಲುಗೋಡೆಯ ಬಳಿಗೆ ಹೋದೆ. ಮೊಲಗಳು ಮೇಯುತ್ತಿದ್ದವು. ಮರಿಯೊಂದು ನನ್ನಿಂದ ಹತ್ತು ಹೆಜ್ಜೆ ದೂರಕ್ಕೆ ಬಂದು, ಹಿಂಗಾಲ ಮೇಲೆ ನಿಂತು, ಮೂಗು ಅಲ್ಲಾಡಿಸಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಅದರ ಒಂದೊಂದು ತುತ್ತಿನಲ್ಲೂ ಎಷ್ಟು ಒಳಹೋಗುತ್ತಿರಬಹುದು ಎಂದು ನೋಡುತ್ತ ನಿಂತೆ. ಮರಿ ಹಾಯಾಗಿತ್ತು. ಹುಳುವಿದ್ದ ಪ್ರಾಣಿಯನ್ನು ಔಷಧಿಯ ಯೋಚನೆಯಿಲ್ಲದೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಊರಿಗೆ ಬಂದವನು ಅಜ್ಜನ ಹಟ್ಟಿಗೆ ಹೋದೆ. ಅಜ್ಜ ಈಗಿಲ್ಲ. ಮಗ ಇದ್ದಾನೆ, ಕುರಿ ಅರವತ್ತಕ್ಕೆ ಇಳಿದಿವೆ; ಮೇಯುತ್ತಿದ್ದ ಕಾವಲಿನ ದೊಡ್ಡ ಪಾಲು ಬೇಲಿಯೊಳಗೆ ಸೇರಿದೆ. ಅಪ್ಪನ ಮಾತು ನೆನಪಿದೆಯೇ ಎಂದು ಕೇಳಿದೆ. "ಇಲ್ದೆ ಏನು ಡಾಕ್ಟ್ರೇ" ಎಂದು ರೊಪ್ಪದೊಳಗೆ ಕರೆದೊಯ್ದು, ಮರಿಗಳ ಕತ್ತು ಹಿಡಿದು ತೋರಿಸಿದ. ಮಘೆಗೆ ಹುಟ್ಟಿದವಕ್ಕೆ ಕೆಂಪು ದಾರ, ಸ್ವಾತಿಯವಕ್ಕೆ ಕರಿದಾರ.

ಹೈಸ್ಕೂಲಿನ ಮೇಷ್ಟ್ರು ಸಂಜೆ ಹೊತ್ತು ಸೂಕ್ಷ್ಮದರ್ಶಕ ಬಿಟ್ಟುಕೊಡುತ್ತಾರೆ. ಹಿಕ್ಕೆ ಅರೆದು, ಕರಗುವಷ್ಟೂ ಉಪ್ಪು ಕರಗಿಸಿದ ನೀರಲ್ಲಿ ಕಲಸಿ ಇಪ್ಪತ್ತು ನಿಮಿಷ ಬಿಟ್ಟರೆ ಹುಳುವಿನ ಮೊಟ್ಟೆ ತೇಲಿ ಗಾಜಿಗೆ ಅಂಟುತ್ತದೆ. ದಪ್ಪ ರಟ್ಟಿನ ನೋಟ್‌ಬುಕ್ ತಂದು ಖಾನೆ ಎಳೆದಿದ್ದೇನೆ: ದಿನ, ಜಾಗ, ಪ್ರಾಣಿ, ಹುಟ್ಟಿದ ಮಳೆ, ಮೊಟ್ಟೆ. ಒಂಬತ್ತು ಮರಿಗಳ ಲೆಕ್ಕ ಆಗಿದೆ. ಮೊನ್ನೆ ರೊಪ್ಪದಿಂದ ಬರುವಾಗ ಬೇಲಿಯಾಚೆಯ ಬೋಳು ದಿಬ್ಬದ ಮೇಲೆ ಚಪ್ಪಟೆಯಾದ, ತಿಳಿ ಬಣ್ಣದ ಹಿಕ್ಕೆ ಸಿಕ್ಕವು. ನಮ್ಮ ಮೊಲದವು. ಕಾಗದದಲ್ಲಿ ಕಟ್ಟಿ ತಂದೆ. ಮೂರು ಗಾಜು ನೋಡಿದೆ, ಮೇಷ್ಟ್ರನ್ನೂ ಕರೆದು ತೋರಿಸಿದೆ. ಮೊಟ್ಟೆಯ ಖಾನೆಯಲ್ಲಿ 0 ಬರೆದೆ. ಹುಟ್ಟಿದ ಮಳೆಯ ಖಾನೆ ಖಾಲಿ ಇದೆ.